ಕಂಬಕ್ಕೆ ಫೋಟೋ, ಕೊಟ್ಟಿಗೆಗೆ ಜೆಸಿಬಿ

ಮಲೆನಾಡಿನ ಹಳೆ ಮನೆಗೆ ಹೋದರೆ ಹಿರಿಯರು ಕಾಫಿ ಕೊಟ್ಟಾದ ಮೇಲೆ ಹೆಂಚೊಂದನ್ನು ತಂದು ತಿರುಗಿಸಿ ತೋರಿಸುವುದುಂಟು. ಬೆನ್ನ ಮೇಲೆ 1865 ಎಂಬ ಇಸವಿ ಅಚ್ಚಾಗಿರುತ್ತದೆ. ‘ನೋಡಿ, ಮನೆಗೆ ನೂರೈವತ್ತು ವರ್ಷ ದಾಟಿತು’ ಎನ್ನುವ ಅವರ ಹೆಮ್ಮೆಯನ್ನು ಅಲ್ಲಗಳೆಯಲು ಮನಸ್ಸು ಬರುವುದಿಲ್ಲ. ಆದರೆ ಲೆಕ್ಕ ತಪ್ಪು. 1865 ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ವರ್ಷ. ಆ ಇಸವಿ ಕಾರ್ಖಾನೆಯ ಹುಟ್ಟಿದ ದಿನವೇ ಹೊರತು ಹೆಂಚಿನದಲ್ಲ. ಅಂಗಡಿ ಬೋರ್ಡಿನ ಮೇಲೆ ‘ಸ್ಥಾಪನೆ’ ಎಂದು ಬರೆಸುತ್ತಾರಲ್ಲ, ಹಾಗೆ. ಮೊದಲ ಮಹಾಯುದ್ಧದ ಹೊತ್ತಿಗೆ ಮಿಷನ್ನಿನ ಕೈತಪ್ಪಿದ ಈ ಕಾರ್ಖಾನೆಗಳು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಹಾಗಾಗಿ ಹೆಂಚಿನ ಮೇಲೆ ಟ್ರಸ್ಟಿನ ಹೆಸರಿದ್ದರೆ ಅದು ಸುಟ್ಟು ಹೊರಬಂದದ್ದು ಯುದ್ಧ ಮುಗಿದ ಮೇಲೆ, ಪಕ್ಕದಲ್ಲಿ ಯಾವ ಇಸವಿ ಇದ್ದರೂ ಅಷ್ಟೇ.

ಇನ್ನೂ ಒಂದು ಮಾತಿದೆ. ಮನೆಗಿಂತ ಮಾಡು ಸಾಮಾನ್ಯವಾಗಿ ಚಿಕ್ಕ ಪ್ರಾಯದ್ದು. ಮಂಗಳೂರು ಹೆಂಚು ಬರುವ ಮೊದಲು ಅದೇ ಗೋಡೆ, ಅದೇ ಕಂಬಗಳ ಮೇಲೆ ಸೋಗೆ, ಹುಲ್ಲು, ಉಳ್ಳವರಾದರೆ ಕುಂಬಾರ ತಟ್ಟಿದ ನಾಡಹೆಂಚು ಇರುತ್ತಿತ್ತು. ಹೆಂಚು ಬಂದಾಗ ಪಕಾಸು, ರೀಪುಗಳ ಅಂತರ ಬದಲಾಯಿತು. ಅಟ್ಟಕ್ಕೆ ಹತ್ತಿ ಟಾರ್ಚು ಬಿಟ್ಟರೆ ಈ ಬದಲಾವಣೆ ಕಣ್ಣಿಗೇ ಕಾಣುತ್ತದೆ. ಹಳೆಯ ಮರದಲ್ಲಿ ಬಾಚಿ ಕೆತ್ತಿದ ಅಲೆಯಂಥ ಗುರುತು, ಇಬ್ಬರು ಎಳೆದ ಗರಗಸದ ಸೊಟ್ಟಪಟ್ಟ ಗೆರೆ. ಹೊಸದರಲ್ಲಿ ಮಿಲ್ಲಿನ ಚಕ್ರಗರಗಸ ಬಿಟ್ಟುಹೋದ ಕಮಾನಿನಂಥ ಗೀರು. ಕಮ್ಮಾರ ಬಡಿದ ಚೌಕ ಮೊಳೆ ಒಂದು ಕಾಲದ್ದು, ಅಂಗಡಿಯ ದುಂಡು ತಂತಿಮೊಳೆ ಇನ್ನೊಂದು ಕಾಲದ್ದು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಫೇರ್‌ಬ್ಯಾಂಕ್ಸ್ ಮನೆ ಎಂಬ ಮರದ ಮನೆಯೊಂದಿದೆ. ಅದರ ತೊಲೆಗಳ ವರ್ಷದ ಉಂಗುರ ಎಣಿಸಿ, ಕಟ್ಟಿದ್ದು 1637ರಿಂದ 1641ರ ನಡುವೆ ಎಂದು ಹೇಳಿದ್ದಾರೆ. ನಮ್ಮಲ್ಲಿ ಸಾಗುವಾನಿಗೆ ಉಂಗುರ ಸ್ಪಷ್ಟವಾಗಿರುತ್ತದೆ, ಹಲಸಿನಂಥ ಮರಗಳಿಗೆ ಹಾಗಿರುವುದಿಲ್ಲ. ಇಲ್ಲಿನ ಮನೆಗಳಲ್ಲೋ ಹಲಸು, ಹೆಬ್ಬಲಸುಗಳದೇ ಕಾರುಬಾರು. ಹಾಗಾಗಿ ಗೀರು, ಮೊಳೆ, ಹೆಂಚುಗಳನ್ನೇ ಓದಬೇಕು.

ಮಲೆನಾಡಿನ ಮರದ ಮನೆ ನಿಂತಿರುವುದು ಗೋಡೆಯ ಬಲದಿಂದ ಎನ್ನುವುದಕ್ಕಿಂತ ಕಂಬದ ಬಲದಿಂದ. ಜಂಬಿಟ್ಟಿಗೆಯ ಎತ್ತರದ ತಳಪಾಯ, ಗೆದ್ದಲು ಏರದಂತೆ ಕಲ್ಲಿನ ಪೀಠ, ಅದರ ಮೇಲೆ ಕಂಬ, ಕಂಬದ ತಲೆಗೆ ಬೋದಿಗೆ, ಬೋದಿಗೆಯ ಮೇಲೆ ತೊಲೆ, ತೊಲೆಗೆ ಅಡ್ಡಲಾಗಿ ಜಂತಿ, ಜಂತಿಯ ಮೇಲೆ ಹಲಗೆಯ ಮುಚ್ಚಿಗೆ. ಒಂದರ ತೂತಿಗೆ ಇನ್ನೊಂದರ ತುದಿ ಕೂಡಿಸಿ ಮರದ ಬೆಣೆ ಬಡಿದರೆ ಆಯಿತು, ಕಬ್ಬಿಣ ಬೇಕಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ. ಆ ಸೀಮೆಯಲ್ಲಿ ಮಾಡು ಕಡಿದಾಗಿ ಇಳಿಯದಿದ್ದರೆ, ಸೂರು ಗೋಡೆಯಿಂದ ಆಚೆ ಚಾಚದಿದ್ದರೆ ಮಣ್ಣಿನ ಗೋಡೆ ಒಂದು ಆಷಾಢವನ್ನೂ ತಾಳದು.

ಅಳತೆಯ ವಿಷಯದಲ್ಲಿ ಇಂದಿನ ವಾಸ್ತುಶಿಲ್ಪದ ಹುಡುಗರು ಎಡವುವ ಜಾಗವೊಂದಿದೆ. ಮೀಟರ್ ಟೇಪು ಹಿಡಿದರೆ ಒಂದು ಕೋಣೆ 3.47, ಇನ್ನೊಂದು 2.91 ಎಂದು ತಲೆಬುಡವಿಲ್ಲದ ಅಂಕಿ ಬರುತ್ತದೆ. ಆಚಾರಿಗೆ ಅಳತೆಯೇ ಗೊತ್ತಿರಲಿಲ್ಲವೇನೋ ಅನ್ನಿಸುತ್ತದೆ. ಆಚಾರಿ ಅಳೆದದ್ದು ಕೋಲು, ಅಂಗುಲಗಳಲ್ಲಿ. ಅದರ ಮೇಲೆ ‘ಆಯ’ ನೋಡುತ್ತಿದ್ದ. ಲೆಕ್ಕದ ಕ್ರಮ ಊರಿಂದೂರಿಗೆ ಬೇರೆಯಾದರೂ ತಿರುಳು ಒಂದೇ: ಅಳತೆಯನ್ನು ಎಂಟರಿಂದ ಭಾಗಿಸಿ ಉಳಿಯುವ ಶೇಷವನ್ನು ನೋಡುವುದು. ಒಂದು ಉಳಿದರೆ ಧ್ವಜಾಯ, ಮೂರಾದರೆ ಸಿಂಹ, ಐದಾದರೆ ವೃಷಭ, ಏಳಾದರೆ ಗಜ. ಇವು ನಾಲ್ಕೂ ಶುಭ. ಸರಿಸಂಖ್ಯೆಯಲ್ಲಿ ಬರುವ ಧೂಮ, ಶ್ವಾನ, ಖರ, ಕಾಕಗಳು ಬೇಡ. ಸುತ್ತಳತೆ 60 ಕೋಲು ಬಂದರೆ ಶ್ವಾನಾಯ. ಒಂದು ಕೋಲು ಹಿಗ್ಗಿಸಿದರೆ 61, ವೃಷಭಾಯ. ಆ ಒಂದು ಕೋಲು ಜಗಲಿಗೆ ಸೇರಿ ಮನೆಯ ರೂಪವೇ ಸ್ವಲ್ಪ ಬದಲಾಗುತ್ತದೆ. ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ಆದರೆ ಈ ಲೆಕ್ಕ ಗೊತ್ತಿಲ್ಲದೆ ಬರೆದ ನಕ್ಷೆಯಲ್ಲಿ ಅಂಕಿ ಇರುತ್ತದೆ, ಕಾರಣ ಇರುವುದಿಲ್ಲ.

ಇಷ್ಟೆಲ್ಲ ದಾಖಲಿಸುವವರೂ ಹೆಚ್ಚಿನಂಶ ತೊಟ್ಟಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ನಿಲ್ಲುತ್ತಾರೆ. ಕೆತ್ತನೆಯ ಕಂಬ, ದಾರಂದದ ಬಳ್ಳಿ, ತುಳಸಿಕಟ್ಟೆ, ಮೇಲಿನಿಂದ ಬೀಳುವ ಬೆಳಕು: ಫೋಟೋಕ್ಕೆ ಬೇಕಾದುದೆಲ್ಲ ಅಲ್ಲೇ ಸಿಗುತ್ತದೆ. ಹಿತ್ತಲಿನ ಕಡೆ ಕ್ಯಾಮೆರಾ ತಿರುಗುವುದೇ ಇಲ್ಲ. ಆದರೆ ಈ ಮನೆ ಏಕೆ ಹೀಗಿದೆ ಎಂಬ ಪ್ರಶ್ನೆಗೆ ಉತ್ತರ ಇರುವುದೇ ಹಿತ್ತಲಲ್ಲಿ.

ಅಡಿಕೆಯನ್ನೇ ನೋಡಿ. ಕರಾವಳಿಯ ಕಡೆ ಚಾಲಿ ಅಡಿಕೆ. ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಒಂದೂವರೆ ತಿಂಗಳಷ್ಟು ಬಿಸಿಲಿಗೆ ಹರವಬೇಕು. ಹಾಗಾಗಿ ಅಲ್ಲಿ ಮನೆಯೆದುರು ದೊಡ್ಡ ಅಂಗಳ, ಅದರ ಸುತ್ತ ಮರದ ನೆರಳು ಬೀಳದಂತೆ ಎಚ್ಚರ. ತೀರ್ಥಹಳ್ಳಿ, ಸಾಗರದ ಕಡೆ ಕೆಂಪಡಿಕೆ. ಹಸಿ ಇರುವಾಗಲೇ ಕೊಯ್ದು, ಮೆಟ್ಟುಗತ್ತಿಯಲ್ಲಿ ಸುಲಿದು, ಚೊಗರು ಹಾಕಿ ಹಂಡೆಯಲ್ಲಿ ಬೇಯಿಸಿ ಅಟ್ಟದ ಮೇಲೆ ಒಣಗಿಸಬೇಕು. ಅಲ್ಲಿ ಸುಲಿಯುವವರು ರಾತ್ರಿಯೆಲ್ಲ ಕೂರಲು ಜಾಗ ಬೇಕು, ದೊಡ್ಡ ಒಲೆ ಬೇಕು, ಸೌದೆಗೆ ಮನೆ ಬೇಕು, ಅಡಿಕೆ ದಬ್ಬೆ ಹಾಸಿದ ಅಟ್ಟ ಬೇಕು. ಬೆಳೆ ಒಂದೇ, ಸಂಸ್ಕರಣೆ ಬೇರೆ; ಅಷ್ಟಕ್ಕೇ ಎರಡು ಬಗೆಯ ಹಿತ್ತಲು, ಎರಡು ಬಗೆಯ ಅಂಗಳ.

ಅಡಿಕೆ ಒಣಗಿಸುವ ಈ ಅಟ್ಟ ಮಳೆಗಾಲಕ್ಕೆ ಇರುವುದಿಲ್ಲ, ಬಿಚ್ಚಿಡುತ್ತಾರೆ. ಮಳೆಗಾಲದಲ್ಲಿ ಗಾಳಿಯೆದುರಿನ ಗೋಡೆಗೆ ಕಟ್ಟುವ ಸೋಗೆ ತಟ್ಟಿ ಬೇಸಿಗೆಯಲ್ಲಿ ಇರುವುದಿಲ್ಲ. ವರ್ಷಕ್ಕೆರಡು ಸಲ ಮೈ ಬದಲಿಸುವ ಮನೆಯನ್ನು ಏಪ್ರಿಲ್ ರಜೆಯಲ್ಲಿ ಬಂದು ಅಳೆದವರಿಗೆ ಸಿಗುವುದು ಅರ್ಧ ಮನೆ. ಅಂಗಳದಲ್ಲಿ ಸಾಲಾಗಿ ಕಾಣುವ ಕಂಬದ ಗುಳಿಗಳನ್ನು, ಗೋಡೆಯ ಮೇಲಂಚಿನ ಗೂಟಗಳನ್ನು ಗುರುತು ಹಾಕಿಕೊಂಡರೆ ಉಳಿದರ್ಧವೂ ಸಿಕ್ಕೀತು.

ಕೊಟ್ಟಿಗೆಗೆ ಬರೋಣ. ಅದರ ನೆಲ ತಗ್ಗು, ಏಕೆಂದರೆ ದಿನವೂ ಸೊಪ್ಪು, ದರಕು ಹಾಸಿ ತುಳಿಸಿ ಗೊಬ್ಬರ ಮಾಡಬೇಕು. ಗೊಬ್ಬರ ತೋಟಕ್ಕೆ, ಸೊಪ್ಪು ಬೆಟ್ಟದಿಂದ. ಉತ್ತರ ಕನ್ನಡದ ಘಟ್ಟದ ಮೇಲೆ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆಯವರೆಗೆ ಸೊಪ್ಪಿನಬೆಟ್ಟದ ಸವಲತ್ತು ಇದ್ದದ್ದು ಇದಕ್ಕಾಗಿಯೇ. ಬೆಟ್ಟ, ಕೊಟ್ಟಿಗೆ, ತೋಟ, ಅಂಗಳ, ಅಟ್ಟ: ಈ ದಾರಿಯಲ್ಲಿ ಕೆತ್ತನೆಯ ಕಂಬ ಬರುವುದು ಕಟ್ಟಕಡೆಗೆ, ಅಡಿಕೆ ಮಾರಿ ದುಡ್ಡು ಬಂದ ಮೇಲೆ.

ಕೊಟ್ಟಿಗೆಯ ಕಂಬವೊಂದರ ಹತ್ತಿರ ಕೂತು ನೋಡಿದರೆ ಮೊಣಕಾಲಿಗಿಂತ ತುಸು ಮೇಲೆ ಸುತ್ತಲೂ ನುಣ್ಣಗೆ ಸವೆದ ಪಟ್ಟಿಯೊಂದು ಕಾಣುತ್ತದೆ. ಕಟ್ಟಿದ ಹಗ್ಗ ಉಜ್ಜಿ ಉಜ್ಜಿ ಆದ ಸವಕಲು ಅದು. ಅಲ್ಲಿ ನಿಂತದ್ದು ಮಲೆನಾಡು ಗಿಡ್ಡವೇ ಹೊರತು ಎತ್ತರದ ಜರ್ಸಿಯಲ್ಲ ಎಂದು ಆ ಪಟ್ಟಿಯ ಎತ್ತರವೇ ಹೇಳುತ್ತದೆ. ಇನ್ನೂ ಮೇಲೆ ಕಣ್ಣು ಹಾಯಿಸಿದರೆ, ಯಾವ ತೊಲೆಯೂ ಸೇರದ ಖಾಲಿ ತೂತುಗಳು. ದನ ಕಟ್ಟುವ ಕಂಬಕ್ಕೆ ಅಷ್ಟು ಚೊಕ್ಕದ ತೂತು ಯಾರು ಕೊರೆಯುತ್ತಾರೆ? ಅದು ಹಿಂದಿನ ಮನೆಯ ಕಂಬ. ಮನೆಯನ್ನು ಹೊಸದಾಗಿ ಕಟ್ಟಿದಾಗ ಗಟ್ಟಿ ಮರವನ್ನು ಎಸೆಯದೆ ಕೊಟ್ಟಿಗೆಗೆ ಹಾಕಿದ್ದಾರೆ. ಹೀಗೆ ಎಷ್ಟೋ ಕಡೆ ಮನೆತನದ ಅತಿ ಹಳೆಯ ಮರ ದೇವರ ಕೋಣೆಯಲ್ಲಿ ಅಲ್ಲ, ಸಗಣಿಯ ಪಕ್ಕ ನಿಂತಿರುತ್ತದೆ.

ದಾಖಲೆಯ ಕೆಲಸವನ್ನು ಸರ್ಕಾರವೊಂದು ದೊಡ್ಡದಾಗಿ ಹಚ್ಚಿಕೊಂಡದ್ದು ಅಮೆರಿಕದಲ್ಲಿ, ಅದೂ ಬಡತನದ ಕಾಲದಲ್ಲಿ. 1933ರ ನವೆಂಬರಿನಲ್ಲಿ ಅಲ್ಲಿನ ನ್ಯಾಷನಲ್ ಪಾರ್ಕ್ ಸರ್ವಿಸ್‌ನ ಚಾರ್ಲ್ಸ್ ಪೀಟರ್‌ಸನ್ ಒಂದು ಟಿಪ್ಪಣಿ ಬರೆದ. ಮಹಾ ಕುಸಿತದಲ್ಲಿ ಕೆಲಸ ಕಳೆದುಕೊಂಡು ಕೂತ ಸಾವಿರದಷ್ಟು ವಾಸ್ತುಶಿಲ್ಪಿಗಳಿಗೆ ಹತ್ತು ವಾರ ಕೂಲಿ ಕೊಟ್ಟು ದೇಶದ ಹಳೆಯ ಕಟ್ಟಡಗಳನ್ನು ಅಳೆಯಿಸೋಣ ಎಂಬ ಸಲಹೆ. ಅದರಿಂದ ಹುಟ್ಟಿದ ಹಿಸ್ಟಾರಿಕ್ ಅಮೆರಿಕನ್ ಬಿಲ್ಡಿಂಗ್ಸ್ ಸರ್ವೆ ಇಂದಿಗೂ ನಡೆಯುತ್ತಿದೆ, ನಕ್ಷೆಗಳೆಲ್ಲ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ. ಮೆಚ್ಚಬೇಕಾದದ್ದು ಆ ಟಿಪ್ಪಣಿಯ ಪಟ್ಟಿಯನ್ನು. ಚರ್ಚು, ಕೋಟೆ, ಬಂಗಲೆಗಳ ಜೊತೆಗೇ ಕಣಜದ ಕೊಟ್ಟಿಗೆ, ಗಿರಣಿ, ಅಂಗಡಿ, ಹಳ್ಳಿಮನೆಯ ಹಿತ್ತಲ ಕಟ್ಟಡಗಳನ್ನೂ ಅವನು ಮೊದಲ ದಿನವೇ ಸೇರಿಸಿದ್ದ.

ನಮ್ಮಲ್ಲಿ ಆ ಹಂಬಲ ಹುಟ್ಟಿದ್ದು ಮನೆಗಳು ಬೀಳತೊಡಗಿದ ಮೇಲೆ. 1974ರ ಭೂಸುಧಾರಣೆ ತಿದ್ದುಪಡಿ ಬಂದು ಗೇಣಿ ನಿಂತಿತು. ಉಳುವವನಿಗೆ ಹೊಲ ಸಿಕ್ಕಿದ್ದು ನ್ಯಾಯವೇ. ಆದರೆ ಗೇಣಿ ಭತ್ತದ ಮೇಲೆ ನಿಂತಿದ್ದ ದೊಡ್ಡ ಮನೆಗಳಿಗೆ ವರ್ಷ ವರ್ಷ ಹೆಂಚು ಕೈಯಾಡಿಸುವ ಖರ್ಚೂ ಹುಟ್ಟದಾಯಿತು. ಮೊದಲು ಖಾಲಿಯಾದದ್ದು ಕಣಜ, ಆಮೇಲೆ ಅಂಗಳದ ಭತ್ತದ ತಿರಿ. ಪಾಲು ಪಟ್ಟಿ ಆಯಿತು, ಮಕ್ಕಳು ಮುಂಬಯಿ, ಬೆಂಗಳೂರು ಸೇರಿದರು, ಮರದ ವ್ಯಾಪಾರಿ ಬಾಗಿಲಿಗೆ ಬಂದ.

ಆ ವ್ಯಾಪಾರಿಗಿಂತ ಒಂದು ಹೆಜ್ಜೆ ಮುಂದೆ ಓಡಿದವರು ಮಣಿಪಾಲದ ವಿಜಯನಾಥ ಶೆಣೈ. ಬ್ಯಾಂಕಿನಲ್ಲಿ ಕೆಲಸದಲ್ಲಿದ್ದ ಅವರು ಬೀಳುವ ಮನೆಗಳಿಂದ ಕಂಬ, ಬಾಗಿಲು, ಮುಚ್ಚಿಗೆಗಳನ್ನು ಒಟ್ಟುಮಾಡಿ ಮೊದಲು ‘ಹಸ್ತಶಿಲ್ಪ’ ಎಂಬ ತಮ್ಮ ಮನೆಯನ್ನೇ ಕಟ್ಟಿದರು. ಆಮೇಲೆ ಇಡೀ ಮನೆಗಳನ್ನೇ ಬಿಚ್ಚಿ, ತಂದು, ಮತ್ತೆ ಜೋಡಿಸುವ ಸಾಹಸಕ್ಕೆ ಕೈಹಾಕಿದರು. ಮಣಿಪಾಲದ ಪಾರಂಪರಿಕ ಗ್ರಾಮದಲ್ಲಿ ಇಂದು ಕಾಣುವ ಮಿಯಾರಿನ ಮನೆ, ಕುಂಜೂರಿನ ಚೌಕಿ ಮನೆ, ಹರ್ಕೂರಿನ ಒಳಗಿನ ಮನೆ ಹೀಗೆ ಬಂದವು. ಬೆಣೆ ಬಡಿದು ಕಟ್ಟಿದ ಮನೆಯಾದ್ದರಿಂದ ಬೆಣೆ ತೆಗೆದು ಬಿಚ್ಚಲೂ ಬಂತು. ಕಾಂಕ್ರೀಟಿನ ಮನೆಗೆ ಈ ಭಾಗ್ಯವಿಲ್ಲ. ಶೆಣೈಯವರು 2017ರಲ್ಲಿ ತೀರಿಕೊಂಡರು. ಚೆನ್ನೈ ಹೊರವಲಯದ ದಕ್ಷಿಣಚಿತ್ರದಲ್ಲೂ ಚಿಕ್ಕಮಗಳೂರಿನ ಮನೆಯೊಂದು, ಇಳಕಲ್ಲಿನ ನೇಕಾರರ ಮನೆಯೊಂದು ಹೀಗೆ ನೆಲೆ ಕಂಡಿವೆ.

ಈ ಕೆಲಸದ ಬೆಲೆ ದೊಡ್ಡದು. ಅದರ ಮಿತಿಯೂ ಕಣ್ಣೆದುರಿಗಿದೆ. ಕಂಬ ಲಾರಿ ಹತ್ತುತ್ತದೆ. ಗದ್ದೆ, ಬಾವಿ, ಗೊಬ್ಬರಗುಂಡಿ, ಬೆಟ್ಟದಿಂದ ಸೊಪ್ಪು ಹೊತ್ತು ತಂದ ಕಾಲುದಾರಿ ಹತ್ತುವುದಿಲ್ಲ. ಇದ್ದಲ್ಲೇ ಉಳಿದ ಮನೆಯ ಸುಖ ಬೇಕೆನ್ನುವವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಬೇಕು. ಕುವೆಂಪು ಬೆಳೆದ ಆ ತೊಟ್ಟಿಮನೆಯನ್ನು ಅವರ ಹೆಸರಿನ ಪ್ರತಿಷ್ಠಾನ ದುರಸ್ತಿ ಮಾಡಿಸಿ ಕವಿಮನೆಯಾಗಿ ಇಟ್ಟಿದೆ. ಅಡುಗೆಮನೆಯ ಪಾತ್ರೆಯಿಂದ ಬೇಸಾಯದ ಸಲಕರಣೆಯವರೆಗೆ ಅಲ್ಲಿ ನೋಡಸಿಗುತ್ತದೆ, ಹೊರಗೆ ಕಾಲಿಟ್ಟರೆ ಅದೇ ಕಾಡು, ಅದೇ ಗುಡ್ಡ.

ಕುವೆಂಪು ಎಂದಾಗ ಇನ್ನೊಂದು ಕಟ್ಟಡದ ನೆನಪಾಗಬೇಕು. ಹೆಗ್ಗಡೆಯ ಉಪ್ಪರಿಗೆ ಮನೆಯಷ್ಟೇ ಮುತುವರ್ಜಿಯಿಂದ ಆಳುಗಳ ಬಿಡಾರವನ್ನೂ ಬರೆದವರು ಅವರು. 1967ರ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯನ್ನು ನಾಯಿಗುತ್ತಿ ಎಂಬ ಆಳನ್ನು ಬಿಟ್ಟು ಓದುವಂತೆಯೇ ಇಲ್ಲ. ದೊಡ್ಡ ಮನೆಯ ತೊಲೆ ಎಳೆದವರು, ಅಂಗಳ ತಟ್ಟಿದವರು, ಸೊಪ್ಪು ಹೊತ್ತವರು ಆ ಬಿಡಾರದವರು. ಅವರು ಅಂಗಳದಲ್ಲಿ ಎಲ್ಲಿಯವರೆಗೆ ಬರಬಹುದು, ಯಾರು ಜಗಲಿಯ ಕೆಳಗೆ ನಿಲ್ಲಬೇಕು, ಯಾರು ಚಿಟ್ಟೆಯ ಮೇಲೆ ಕೂರಬಹುದು, ಯಾರಿಗೆ ನಡುಮನೆಗೆ ಪ್ರವೇಶ ಎಂಬುದೆಲ್ಲ ಮೆಟ್ಟಿಲ ಎತ್ತರದಲ್ಲೇ ಬರೆದಿತ್ತು. ಹುಲ್ಲು, ತಟ್ಟಿಯ ಬಿಡಾರದಲ್ಲಿ ವ್ಯಾಪಾರಿಗೆ ಬೇಕಾದ ಮರ ಇರಲಿಲ್ಲ, ಸಂಗ್ರಹಾಲಯಕ್ಕೆ ಬೇಕಾದ ಕೆತ್ತನೆಯೂ ಇರಲಿಲ್ಲ. ಅದು ನಿಂತಿದ್ದ ಜಾಗವನ್ನಾದರೂ ನಕ್ಷೆಯಲ್ಲಿ ಗುರುತಿಸದಿದ್ದರೆ ಆ ನಕ್ಷೆ ಯಜಮಾನರ ಕಡೆಯ ಸಾಕ್ಷಿ ಮಾತ್ರ.

ಈಗಲೂ ಹೊಸ ಮನೆ ಕಟ್ಟುವಾಗ ‘ಹಳೆ ಕಂಬ ಎರಡು ಇರಲಿ, ಸಿಟೌಟಿಗೆ ಚೆನ್ನಾಗಿರುತ್ತದೆ’ ಎನ್ನುವವರಿದ್ದಾರೆ. ಕೊಟ್ಟಿಗೆ ಇರಲಿ ಎಂದವರು ಅಪರೂಪ. ದನ ಮಾರಿಯಾಗಿದೆ, ಜಾಗಕ್ಕೆ ಕಾರು ನಿಲ್ಲಿಸಬೇಕು, ಜೆಸಿಬಿಗೆ ಅರ್ಧ ಗಂಟೆಯ ಕೆಲಸ. ಕೆಡಹುವುದು ಬೇಡ ಎಂದು ಯಾರಿಗೂ ಹೇಳಲಾಗದು. ಸೋರುವ ಮಾಡಿನ ಕೆಳಗೆ ಬದುಕುವವರ ಕಷ್ಟ ನೋಡಲು ಬಂದವರಿಗೆ ತಿಳಿಯದು. ಕೇಳಬಹುದಾದದ್ದು ಒಂದು ದಿನ ಮಾತ್ರ. ಮೇ ತಿಂಗಳಲ್ಲಿ ಹೆಂಚು ಕೈಯಾಡಿಸಲು ಆಳು ಬರುತ್ತಾರಲ್ಲ, ಅಂದು ಮಾಡು ತೆರೆದಿರುತ್ತದೆ, ಏಣಿ ಇರುತ್ತದೆ, ಬೆಳಕು ಅಟ್ಟದ ಮೂಲೆಗೂ ಬೀಳುತ್ತದೆ. ಟೇಪು, ಚೌಕುಳಿ ಪುಸ್ತಕ, ಪೆನ್ಸಿಲು ಹಿಡಿದು ಹತ್ತಿ. ಅಜ್ಜಿ ಇದ್ದರೆ ಕೆಳಗೆ ಕುರ್ಚಿ ಹಾಕಿ ಕೂರಿಸಿ, ಯಾವ ಮೂಲೆಗೆ ಏನೆಂದು ಹೆಸರಿತ್ತು ಎಂದು ಕೇಳಿ ಬರೆದುಕೊಳ್ಳಿ. ತೊಟ್ಟಿಯದು ಸಂಜೆಗಾದರೂ ನಡೆದೀತು, ಮೊದಲು ಕೊಟ್ಟಿಗೆಯನ್ನು ಅಳೆಯಿರಿ.