ಪದ ಪರಿಚಯ: ಉಣ್ಣಿ

ಉಣ್ಣಿ: ದನದ ಕಿವಿಗೆ, ನಾಯಿಯ ಕತ್ತಿಗೆ ಕಚ್ಚಿಕೊಂಡು ರಕ್ತ ಹೀರುವ ಜೀವಿ. ಹೊಸೂರು, ಕೃಷ್ಣಗಿರಿ ಕಡೆ ಕನ್ನಡದವರಿಗೂ ತಮಿಳರಿಗೂ ಅರ್ಥವಾಗುವ ಹೆಸರು, ಮಲೆನಾಡಿನಲ್ಲಿ ಉಣುಗು. ಬೇರು ‘ಉಣ್’ ಧಾತು, ಉಣ್ಣುವುದು ಉಣ್ಣಿ. ‘ಊಟ’ವೂ ಅದೇ ಬೇರಿನದು. ಪತ್ರಿಕೆಗಳು ‘ಉಣ್ಣೆ’ ಎಂದೂ ಬರೆಯುತ್ತವೆ. ಕುರಿಯ ಉಣ್ಣೆ ಸಂಸ್ಕೃತದ ‘ಊರ್ಣ’ದಿಂದ ಬಂದದ್ದು, ಉಣ್ಣಿಗೂ ಅದಕ್ಕೂ ನಂಟಿಲ್ಲ. ಉಣ್ಣಿ ಹರಡುವ ರೋಗದ ಸುದ್ದಿಯಲ್ಲಿ ಉಣ್ಣಿ ಅಥವಾ ಉಣುಗು ಎಂದೇ ಬರೆಯಬೇಕು. ಓದುವವರ ಜೀವದ ಪ್ರಶ್ನೆ ಅದು.

1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಾದ ವೈರಾಣುವನ್ನು ಹರಡುವುದು ಉಣ್ಣಿ. ‘ಮಂಗನ ಕಾಯಿಲೆ’ ಎಂಬ ಹೆಸರು ಮಾತ್ರ ಆ ರೋಗದಿಂದಲೇ ಸಾಯುವ ಮಂಗಕ್ಕೆ ಅಂಟಿತು, ಅನ್ಯಾಯವಾಗಿ. ಆ ವೈರಾಣು ಈಗ ತಮಿಳುನಾಡಿನ ನೀಲಗಿರಿಯವರೆಗೂ ಬಂದಿದೆ.