ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕನ್ನಡ ಕೀಲಿಮಣೆ ಮತ್ತು ಪರದೆ

ಒಂದು ಊರಲ್ಲಿ ಕೂತು ಇನ್ನೊಂದು ಊರಿನ ಕಂಪ್ಯೂಟರನ್ನು ನಡೆಸುವಾಗ ಕೀಲಿಮಣೆಯ ವಿನ್ಯಾಸ, ಫಾಂಟು, ಬಣ್ಣ, ಪರದೆಯ ಅಳತೆಗಳನ್ನು ಎರಡೂ ಕಡೆ ಹೊಂದಿಸುವ ಕೆಲಸ. ಕೊಪ್ಪಳ ಜಿಲ್ಲೆಯ ಗಂಗಾವತಿಯ ಡಿಟಿಪಿ ಅಂಗಡಿಯವರಿಗೂ ಯಲಬುರ್ಗಾ, ಕುಷ್ಟಗಿಯ ಕಚೇರಿಗಳ ಆಪರೇಟರುಗಳಿಗೂ ಇದು ‘ಐಡಿ ಹೇಳ್ರಿ, ನಾನಾ ನೋಡ್ತೀನಿ’ ಎಂಬ ಫೋನ್ ಮಾತಿನಿಂದ ಶುರುವಾಗುವ ಸಂಗತಿ. ಕನ್ನಡದ ಮಟ್ಟಿಗೆ ಇದರ ಇತಿಹಾಸವೆಲ್ಲ ಅಕ್ಷರ ಮೂಡುವುದು ಬೆರಳಿನ ಕಡೆಯೋ ದೂರದ ಯಂತ್ರದ ಕಡೆಯೋ ಎಂಬ ತಕರಾರೇ.

ಎರಡು ಲಿಪಿಯ ಕೈ ಈ ಸೀಮೆಗೆ ಹೊಸದಲ್ಲ. ಕೊಪ್ಪಳದ ಗವಿಮಠ, ಪಾಲ್ಕಿಗುಂಡುಗಳಲ್ಲಿ ಅಶೋಕನ ಬ್ರಾಹ್ಮಿ ಶಾಸನಗಳಿವೆ. ಅದೇ ಕಾಲದ ಬ್ರಹ್ಮಗಿರಿಯ ಶಾಸನದಲ್ಲಿ ಚಪಡನೆಂಬ ಲಿಪಿಕಾರ ಬ್ರಾಹ್ಮಿಯಲ್ಲಿ ಬರೆಯುತ್ತ ಬಂದು, ಕೊನೆಯ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಓಡುವ ಖರೋಷ್ಠಿಯಲ್ಲಿ ಕೆತ್ತಿದ್ದಾನೆ. 1956ರವರೆಗೆ ಹೈದರಾಬಾದ್ ಸಂಸ್ಥಾನ ಮತ್ತು ರಾಜ್ಯದಲ್ಲಿದ್ದ ಕೊಪ್ಪಳದ ದಫ್ತರಗಳೂ ಬಹುಕಾಲ ಉರ್ದುವಿನವು. 1997ರಲ್ಲಿ ರಾಯಚೂರಿನಿಂದ ಬೇರೆಯಾಗಿ ಜಿಲ್ಲೆಯಾದಾಗ ಕಚೇರಿಗಳಿಗೆ ಕಂಪ್ಯೂಟರ್ ಕಾಲಿಡುವ ಹೊತ್ತು.

ಅಷ್ಟರಲ್ಲಿ ಕನ್ನಡಕ್ಕೆ ಒಂದಲ್ಲ, ಹಲವು ವಿನ್ಯಾಸಗಳಿದ್ದವು. ಬೆರಳಚ್ಚು ಯಂತ್ರಕ್ಕೆ ಕೆ. ಅನಂತಸುಬ್ಬರಾಯರು ರೂಪಿಸಿದ್ದು ಒಂದು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿ ಕೇಂದ್ರ ಸರ್ಕಾರ 1986ರಲ್ಲಿ ರೂಪಿಸಿದ ಇನ್‌ಸ್ಕ್ರಿಪ್ಟ್ ಇನ್ನೊಂದು. ಮಂಗಳೂರು ಸೀಮೆಯ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಇಂಗ್ಲಿಷ್ ಕೀಲಿಗಳ ಉಚ್ಚಾರಕ್ಕೆ ಹೊಂದಿಸಿ ಮಾಡಿದ್ದು ಮತ್ತೊಂದು. ಇದನ್ನೇ ಕರ್ನಾಟಕ ಸರ್ಕಾರ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನು ಊರೂರಿಗೆ ಮುಟ್ಟಿಸಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು.

ಅದೇ 1998ರಲ್ಲಿ ಮೈಕ್ರೋಸಾಫ್ಟ್ ವಿಂಡೋಸ್ ಎನ್‌ಟಿ 4.0 ಟರ್ಮಿನಲ್ ಸರ್ವರ್ ಬಿಟ್ಟಿತು. ದೂರದ ಯಂತ್ರವನ್ನು ನಡೆಸುವ ಆರ್‌ಡಿಪಿ ಎಂಬ ಸಂಪರ್ಕ ನಿಯಮಾವಳಿ ಹುಟ್ಟಿದ್ದು ಅದರೊಟ್ಟಿಗೆ. ಇಲ್ಲಿ ಕೀಲಿ ಒತ್ತಿದರೆ ದೂರಕ್ಕೆ ಹೋಗುವುದು ಅಕ್ಷರವಲ್ಲ, ಕೀಲಿಯ ಜಾಗದ ಸಂಖ್ಯೆ. ‘ಕೆ’ ಒತ್ತಿದರೆ 37 ಹೋಗುತ್ತದೆ. ಅದಕ್ಕೆ ಅರ್ಥ ಕೊಡುವುದು ಆ ಕಡೆ ಚಾಲೂ ಇರುವ ವಿನ್ಯಾಸ.

ಎಡವಟ್ಟೂ ಅಲ್ಲೇ. ನುಡಿ ವಿನ್ಯಾಸದಲ್ಲಿ ‘ಕೊಪ್ಪಳ’ ಎಂದು ಬರೆಯಲು ಕೆ, ಒ, ಪಿ, ಎಫ್, ಪಿ ಒತ್ತಿ, ಕೊನೆಗೆ ಶಿಫ್ಟ್ ಹಿಡಿದು ಎಲ್ ಒತ್ತಬೇಕು. ನಡುವಿನ ಎಫ್ ಒತ್ತಕ್ಷರಕ್ಕೆ. ದೂರದ ವಿಂಡೋಸ್‌ನಲ್ಲಿ ಬರೀ ‘ಕನ್ನಡ’ ಎಂದು ಸೇರಿಸಿದ್ದರೆ ಅಲ್ಲಿರುವುದು ಇನ್‌ಸ್ಕ್ರಿಪ್ಟ್. ಅವೇ ಆರು ಹೊಡೆತಕ್ಕೆ ಪರದೆಯಲ್ಲಿ ಮೂಡುವುದು ‘ಕದಜಿಜಥ’. ಬೆರಳು ತಪ್ಪಿಲ್ಲ, ಫಾಂಟೂ ಸರಿಯಿದೆ. ಊರಿನ ಹೆಸರು ಮಾತ್ರ ಕೆಟ್ಟಿದೆ.

ಸಂಪರ್ಕ ಶುರುವಾಗುವಾಗ ಈ ಕಡೆಯ ಯಂತ್ರ ತನ್ನ ವಿನ್ಯಾಸ ಯಾವುದೆಂದು ತಿಳಿಸುತ್ತದೆ, ಆ ಕಡೆಯದು ಅದನ್ನು ಹಾಕಿಕೊಳ್ಳುತ್ತದೆ. ಅನುಕೂಲವೆಂದು ಮಾಡಿದ ಈ ಏರ್ಪಾಡಿನಿಂದ ಸರ್ವರ್‌ನಲ್ಲಿ ಕರೆಯದ ವಿನ್ಯಾಸಗಳೂ ಬಂದು ಕೂರುತ್ತವೆ. ಹಾಗಾಗಿ ‘ಇಗ್ನೋರ್ ರಿಮೋಟ್ ಕೀಬೋರ್ಡ್ ಲೇಔಟ್’ ಎಂಬ ರಿಜಿಸ್ಟ್ರಿ ನಮೂದನ್ನು 1 ಮಾಡುವ ರೂಢಿ ಬಂತು. ಭಾಷೆ ಬದಲಿಸುವ ಕೀಲಿಗಳದ್ದು ಇನ್ನೊಂದು ಫಜೀತಿ: ಪರದೆ ತುಂಬ ತೆರೆದಿದ್ದರೆ ವಿಂಡೋಸ್ ಕೀಲಿ ಮತ್ತು ಸ್ಪೇಸ್ ದೂರಕ್ಕೆ ಹೋಗುತ್ತವೆ, ಸಣ್ಣ ಕಿಟಕಿಯಲ್ಲಿದ್ದರೆ ಇಲ್ಲೇ ಉಳಿಯುತ್ತವೆ. ಇದು ಮೂಲ ಹೊಂದಿಕೆ; ಬೇಕಾದರೆ ಬದಲಿಸಬಹುದು.

ಕೇಂಬ್ರಿಜ್‌ನ ಪ್ರಯೋಗಾಲಯದಲ್ಲಿ ಹುಟ್ಟಿದ, ಇದೇ ಕೆಲಸದ ವಿಎನ್‌ಸಿ ಎಂಬ ಇನ್ನೊಂದು ವ್ಯವಸ್ಥೆಯ ದಾರಿ ಬೇರೆ. ಅದು ಕೀಲಿಯ ಜಾಗವನ್ನಲ್ಲ, ಈ ಕಡೆ ಮೂಡಿದ ಅಕ್ಷರದ ಗುರುತನ್ನೇ ಕಳಿಸುತ್ತದೆ. ಕೇಳಲು ಚೆಂದ. ಆದರೆ ಆ ಗುರುತು ದೂರದ ಯಂತ್ರಕ್ಕೆ ತಿಳಿಯದಿದ್ದರೆ ಏನೂ ಬೀಳುವುದಿಲ್ಲ.

ಪರದೆಯ ಕಥೆ ಇಷ್ಟು ಗೋಜಲಿಲ್ಲ. ಮೊದಲ ಆರ್‌ಡಿಪಿಗೆ 256 ಬಣ್ಣಗಳಷ್ಟೇ. 2001ರ ವಿಂಡೋಸ್ ಎಕ್ಸ್‌ಪಿ ಹೊತ್ತಿಗೆ 24 ಬಿಟ್ ಬಣ್ಣ ಬಂತು, 2009ರ ವಿಂಡೋಸ್ 7ರೊಂದಿಗೆ ಹಲವು ಮಾನಿಟರುಗಳನ್ನು ಬೇರೆಬೇರೆಯಾಗಿಯೇ ಬಳಸುವ ಸೌಲಭ್ಯ. ಕನ್ನಡಿಗರಿಗೆ ಹೆಚ್ಚು ಮುಖ್ಯವಾದದ್ದು ವಿಸ್ಟಾ ಕಾಲದ ಆರ್‌ಡಿಪಿ 6.0 ತಂದ ‘ಫಾಂಟ್ ಸ್ಮೂದಿಂಗ್’ ಎಂಬ ಪುಟ್ಟ ಚೌಕ. ನಿಧಾನಗತಿಯ ಇಂಟರ್ನೆಟ್ಟಿಗೆಂದು ಅದನ್ನು ತೆಗೆದರೆ ಇಂಗ್ಲಿಷಿಗೆ ಅಂಥ ನಷ್ಟವಿಲ್ಲ. ಕನ್ನಡದಲ್ಲಿ ಒತ್ತಕ್ಷರಗಳು ಅಡಿಯಲ್ಲಿ ಮುದ್ದೆಯಾಗುತ್ತವೆ, ‘ಪ’ ಮತ್ತು ‘ಷ’ ನಡುವಿನ ಗೆರೆ ಕಾಣುವುದಿಲ್ಲ. ಪಹಣಿಯಲ್ಲಿ ಹೆಸರು ನೋಡುವವರಿಗೆ ಅದು ಸಣ್ಣ ವಿಷಯವಲ್ಲ.

ಫಾಂಟಿನದೂ ಅದೇ ನ್ಯಾಯ: ಬೇಕಾದದ್ದು ದೂರದ ಯಂತ್ರದಲ್ಲಿ. ನುಡಿಯ ಹಳೆಯ ಫಾಂಟುಗಳು ಕನ್ನಡದ ತುಂಡುಗಳನ್ನು ಲ್ಯಾಟಿನ್ ಅಕ್ಷರಗಳ ಸಂಕೇತಕ್ಕೆ ಕೂರಿಸಿದ್ದವು. ದೂರದಲ್ಲಿ ಆ ಫಾಂಟು ಇಲ್ಲದಿದ್ದರೆ ಅರ್ಜಿಯೆಲ್ಲ ಟೋಪಿ, ಬಾಲ ಹೊತ್ತ ಯುರೋಪಿನ ಅಕ್ಷರಗಳಾಗಿ ಕಾಣುತ್ತಿತ್ತು. ಯೂನಿಕೋಡ್ ‘ಕ’ಕ್ಕೆ 3221 ಎಂಬ ಸ್ವಂತ ಸಂಖ್ಯೆ ಕೊಟ್ಟಿತು, ವಿಂಡೋಸ್ ಎಕ್ಸ್‌ಪಿ ‘ತುಂಗಾ’ ಫಾಂಟನ್ನು ಜೊತೆಗೇ ತಂದಿತು. ಅಲ್ಲಿಗೆ ಹೊಸ ಕಡತಗಳ ತೊಂದರೆ ಇಳಿಯಿತು. ಹಳೆಯ ಕಡತಗಳಿಗೆ ಈಗಲೂ ನುಡಿ ಫಾಂಟೇ ಬೇಕು.

ಆರ್‌ಡಿಪಿಯಲ್ಲಿ ಜಾಗದ ಸಂಖ್ಯೆಯ ಬದಲು ಯೂನಿಕೋಡ್ ಸಂಖ್ಯೆಯನ್ನೇ ಕಳಿಸುವ ದಾರಿಯೂ ಇದೆ. ಗಾಜಿನ ಮೇಲೆ ತೋರುವ ಕೀಲಿಮಣೆಗೆ ಜಾಗದ ಸಂಖ್ಯೆಯ ಹಂಗಿಲ್ಲದ್ದರಿಂದ ಮೊಬೈಲ್ ಆ್ಯಪ್‌ಗಳಿಗೆ ಇದು ಒಗ್ಗುತ್ತದೆ. ಹೀಗೆ ಬಂದ ‘ಕ’, ಆ ಕಡೆ ಯಾವ ವಿನ್ಯಾಸವಿದ್ದರೂ ‘ಕ’ವಾಗಿಯೇ ಇಳಿಯುತ್ತದೆ.