ಪೂರ್ಣಯ್ಯನವರ ದಂಡಿನ ಲೆಕ್ಕ

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ನರಸಿಂಗರಾಯನಪೇಟೆಯ ಪಾಳೆಯದಲ್ಲಿ ಹೈದರಾಲಿಯವರು ತೀರಿಕೊಂಡರು. ಮಗ ಟಿಪ್ಪು ದೂರದ ಮಲಬಾರಿನಲ್ಲಿದ್ದರು. ಸುದ್ದಿ ಹಬ್ಬಿದರೆ ದಂಡು ಚೆದುರುವ ಭಯ. ಖಜಾನೆಯ ಕಡತ ಹಿಡಿದಿದ್ದ ಪೂರ್ಣಯ್ಯನವರೂ ಕೃಷ್ಣರಾಯರೂ ಶವವನ್ನು ಪೆಟ್ಟಿಗೆಯಲ್ಲಿರಿಸಿ, ಹಣ ಸಾಗಿಸುವಂತೆ ಕೋಲಾರಕ್ಕೆ ಕಳುಹಿಸಿದರು. ಟಿಪ್ಪುವಿಗೆ ಗುಟ್ಟಾಗಿ ಓಲೆ ಹೋಯಿತು. ಕಿರಿಯ ಮಗ ಅಬ್ದುಲ್ ಕರೀಮನಿಗೆ ಪಟ್ಟ ಕಟ್ಟಲು ಹೂಡಿದ ಸಂಚು ಬಯಲಾಗಿ ಮುರಿದುಬಿತ್ತು. ಟಿಪ್ಪು ಬಂದು ಸೇರುವವರೆಗೆ ದಂಡು ಚೆದುರಲಿಲ್ಲ.

ಮೈಸೂರಿನ ಯುದ್ಧಗಳ ಕಥೆಯಲ್ಲಿ ನಾವು ಕತ್ತಿ, ಬಾಣಗಳನ್ನೇ ಎಣಿಸುತ್ತ ಬಂದಿದ್ದೇವೆ. ಸಂಬಳ, ದವಸ, ಮೇವು, ಎತ್ತುಗಳ ಲೆಕ್ಕವಿಟ್ಟವರೂ ರಾಜ್ಯವನ್ನು ಅಷ್ಟೇ ಕಾದರೆಂದು ನಾನು ನಂಬುತ್ತೇನೆ.

1799ರ ಮೇ 4ರಂದು ಟಿಪ್ಪು ಮಡಿದು, ಶ್ರೀರಂಗಪಟ್ಟಣ ಈಸ್ಟ್ ಇಂಡಿಯಾ ಕಂಪನಿಯ ವಶವಾಯಿತು. ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟವಾಯಿತು, ಪೂರ್ಣಯ್ಯನವರು ದಿವಾನರಾದರು. ಕಂಪನಿಯ ಸೇನೆಯನ್ನು ಸಾಕಲು ವರ್ಷಕ್ಕೆ 7 ಲಕ್ಷ ವರಹ ತೆರಬೇಕಿತ್ತು. ಆ ಹೊರೆಯ ಅಡಿಯಲ್ಲೇ ಅವರು ನಾಡಿನ ಸ್ವಂತ ಬಲವನ್ನು ಉಳಿಸಿಕೊಂಡರು. ಕೆಲಸ ಕಳೆದುಕೊಂಡ ಹಳೆಯ ಸಿಪಾಯಿ ಹೊಟ್ಟೆಗಿಲ್ಲದೆ ದರೋಡೆಗಿಳಿಯುತ್ತಾನೆ; ಬಂಡುಕೋರ ಧೋಂಡಿಯಾ ವಾಘನ ಹಿಂದೆ ನೆರೆದ ಗುಂಪೇ ಅದಕ್ಕೆ ಸಾಕ್ಷಿ. ಇದನ್ನು ಬಲ್ಲ ದಿವಾನರು ಅಂಥವರಲ್ಲಿ ಅನೇಕರನ್ನು ಕಂದಾಚಾರವೆಂಬ ಸ್ಥಳೀಯ ಪಡೆಯ ಕಾಲಾಳುಗಳಾಗಿ, ಸ್ವಂತ ಕುದುರೆ ತರುವ ಸಿಲ್ಲೇದಾರರಾಗಿ ಮತ್ತೆ ಸೇವೆಗೆ ತೆಗೆದುಕೊಂಡರು. ಇದಕ್ಕಿಂತ ದೊಡ್ಡ ರಾಜನೀತಿ ಆ ಕಾಲದಲ್ಲಿ ನನಗೆ ಕಾಣದು.

1800ರ ಸೆಪ್ಟೆಂಬರಿನಲ್ಲಿ ಧೋಂಡಿಯಾ ಮಡಿದ. 1803ರ ಮರಾಠಾ ಯುದ್ಧದಲ್ಲಿ ಕಂಪನಿಯ ಸೇನಾನಿ ಆರ್ಥರ್ ವೆಲ್ಲೆಸ್ಲಿಯ ಜೊತೆ ಬಿಷ್ಣಪ್ಪನವರ ಮುಂದಾಳ್ತನದಲ್ಲಿ ಮೈಸೂರಿನ ಸವಾರರೂ ನಡೆದರು. ಹೈದರ್, ಟಿಪ್ಪುಗಳ ಕಾಲದಿಂದ ದಂಡಿಗಾಗಿಯೇ ಸಾಕಿದ ಅಮೃತಮಹಲ್ ಎತ್ತುಗಳ ವೇಗವನ್ನು ವೆಲ್ಲೆಸ್ಲಿ ಮನಸಾರೆ ಮೆಚ್ಚಿಕೊಂಡಿದ್ದ. 1807ರ ಒಪ್ಪಂದವು 4,000 ಕುದುರೆ ಸವಾರರನ್ನು ಸದಾ ಸಜ್ಜಾಗಿಡುವ ಹೊಣೆಯನ್ನು ಮೈಸೂರಿಗೆ ಹೊರಿಸಿತು. ಅದೇ ವರ್ಷ ದಿವಾನರಿಗೆ ಯಳಂದೂರು ಜಹಗೀರಾಗಿ ಬಂತು.

ಮೈಸೂರು ಕೋಟೆಯೂ ಅವರ ಕಾಲದಲ್ಲಿಯೇ ಮತ್ತೆ ಎದ್ದಿತು. ಟಿಪ್ಪು ಅದನ್ನು ಕೆಡವಿಸಿ, ಕಲ್ಲುಗಳನ್ನು ನಜರಬಾದಿಗೆ ಸಾಗಿಸಿದ್ದರು. ಆ ಕಲ್ಲುಗಳೇ ಹಿಂದಿರುಗಿ ಬಂದವು.

1811ರಲ್ಲಿ ಅಧಿಕಾರ ಮಹಾರಾಜರ ಕೈ ಸೇರಿತು. ಮರುವರ್ಷ ಮಾರ್ಚ್ ತಿಂಗಳಲ್ಲಿ ಪೂರ್ಣಯ್ಯನವರು ಶ್ರೀರಂಗಪಟ್ಟಣದಲ್ಲಿ ಕಾಲವಾದರು. 1813ರಲ್ಲಿ ಮದರಾಸು ಸರ್ಕಾರ ಅಮೃತಮಹಲಿನ ಆಡಳಿತವನ್ನು ತಾನೇ ವಹಿಸಿಕೊಂಡಿತು.